ಮೆಕ್ಕೆಜೋಳದ ಸ್ಟಾರ್ಚನ್ನು ಕಾರ್ಖಾನೆ ಕೆಲಸಕ್ಕೆ ಹದ ಮಾಡುವುದು ಹೇಗೆ? ಸಣ್ಣ ಘಟಕದವರಿಗೆ ಸಮಗ್ರ ಮಾರ್ಗದರ್ಶಿ

ಮೆಕ್ಕೆಜೋಳದ ಸ್ಟಾರ್ಚ್ ಪುಡಿಯನ್ನು ನೀರಲ್ಲಿ ಕಲಸಿ ಕುದಿಸಿ ನೋಡಿ. ನೂರಕ್ಕೆ ಆರೇಳು ಭಾಗ ಹಾಕಿದರೂ ಸೌಟು ತಿರುಗಿಸುವುದು ಕಷ್ಟ ಆಗುವಷ್ಟು ಗಟ್ಟಿ ಗಂಜಿ ಆಗುತ್ತದೆ. ಆರಿದರೆ ಹೆಪ್ಪುಗಟ್ಟುತ್ತದೆ. ಮರುದಿನ ನೀರು ಬಿಡುತ್ತದೆ. ಅಡುಗೆಮನೆಯಲ್ಲಿ ಈ ಗುಣ ಬೇಕು, ಕಾರ್ಖಾನೆಯಲ್ಲಿ ಇದೇ ತಲೆನೋವು. ನೂಲಿಗೆ ಗಂಜಿ ಹಾಕುವವರಿಗೆ, ಪೇಪರ್ ಮೇಲೆ ಲೇಪ ಕೊಡುವವರಿಗೆ ಸ್ಟಾರ್ಚ್ ಜಾಸ್ತಿ ಇರಬೇಕು, ಆದರೆ ಗಂಜಿ ಪಂಪಿನಲ್ಲಿ ಸರಾಗವಾಗಿ ಹರಿಯಬೇಕು. ಆರಿದ ಮೇಲೂ ಹೆಪ್ಪುಗಟ್ಟಬಾರದು. ಕಚ್ಚಾ ಸ್ಟಾರ್ಚ್ ಈ ಕೆಲಸಕ್ಕೆ ಬಗ್ಗುವುದಿಲ್ಲ. ಅದಕ್ಕೇ ಮಾಡಿಫೈಡ್ ಸ್ಟಾರ್ಚ್, ಅಂದರೆ ಗುಣ ಬದಲಿಸಿದ ಸ್ಟಾರ್ಚ್.

ಯಲಬುರ್ಗಾ, ಕುಷ್ಟಗಿ ಕಡೆ ಮೆಕ್ಕೆಜೋಳ ಚೆನ್ನಾಗಿ ಬೆಳೆಯುತ್ತಾರೆ. ಹಾಗಾಗಿ ಕೊಪ್ಪಳ, ಬಳ್ಳಾರಿ ಸುತ್ತಮುತ್ತ ಇಂಥ ಒಂದು ಘಟಕ ಹಾಕಬಹುದೇ ಎಂದು ಯೋಚಿಸುವವರು ಇದ್ದಾರೆ. ಕಾಳಿನಿಂದ ಸ್ಟಾರ್ಚ್ ತೆಗೆಯುವುದು ದೊಡ್ಡ ಬಂಡವಾಳದ ಕೆಲಸ. ಗಂಧಕದ ಡೈಆಕ್ಸೈಡ್ ಬೆರೆಸಿದ 50 ಡಿಗ್ರಿ ನೀರಲ್ಲಿ ಕಾಳನ್ನು ಒಂದೂವರೆ ದಿನ ನೆನೆಸಬೇಕು, ಕಾಳಿನೊಳಗಿನ ಭ್ರೂಣ ಬೇರೆ ಮಾಡಬೇಕು, ಸಿಪ್ಪೆ ಬೇರೆ, ಪ್ರೋಟೀನ್ ಬೇರೆ. ಅದು ಇಲ್ಲಿಯ ವಿಷಯ ಅಲ್ಲ. ಸಿದ್ಧ ಸ್ಟಾರ್ಚ್ ಚೀಲ ತಂದು ಅದನ್ನು ರಾಸಾಯನಿಕವಾಗಿ ಬದಲಿಸುವುದಷ್ಟೇ ಇಲ್ಲಿಯ ವಿಷಯ. ಅದರಲ್ಲೂ ಸಣ್ಣ ಘಟಕಕ್ಕೆ ಸರಿಹೋಗುವ ಆಕ್ಸಿಡೈಸ್ಡ್ ಸ್ಟಾರ್ಚ್ ಬಗ್ಗೆ ವಿವರವಾಗಿ ಹೇಳುತ್ತೇನೆ.

ಮೊದಲು ಗಿರಾಕಿ

ಬಳ್ಳಾರಿಯಲ್ಲಿ ಇಷ್ಟೊಂದು ಜೀನ್ಸ್ ಹೊಲಿಯುತ್ತಾರೆ, ಸ್ಟಾರ್ಚ್ ಅಲ್ಲೇ ಖಾಲಿಯಾಗುತ್ತದೆ ಅಲ್ವಾ ಅನ್ನುವುದು ಎಲ್ಲರಿಗೂ ಬರುವ ಮೊದಲ ಯೋಚನೆ. ಆಗುವುದಿಲ್ಲ. ಡೆನಿಮ್ ಬಟ್ಟೆ ಹೊರಗಿನ ಮಿಲ್ಲುಗಳಿಂದ ಬರುತ್ತದೆ. ಹಾಸು ನೂಲಿಗೆ ಗಂಜಿ ಹಾಕುವ ಕೆಲಸ ಅಲ್ಲಿಯೇ ಮುಗಿದಿರುತ್ತದೆ. ಬಳ್ಳಾರಿಯ ವಾಷಿಂಗ್ ಘಟಕಗಳು ಮಾಡುವುದು ಉಲ್ಟಾ ಕೆಲಸ: ಅಮೈಲೇಸ್ ಎನ್‌ಜೈಮ್ ಹಾಕಿ ಬಟ್ಟೆಯಲ್ಲಿರುವ ಸ್ಟಾರ್ಚನ್ನು ತೆಗೆಯುತ್ತವೆ. ರಾಯಚೂರಿನ ಹತ್ತಿಯೂ ಹಾಗೇ. ಜಿನ್ನಿಂಗ್ ಆಗಿ ಬೇಲ್ ಕಟ್ಟಿಕೊಂಡು ಹೊರಗೆ ಹೋಗುತ್ತದೆ. ಗಂಜಿ ಬೇಕಾಗುವುದು ಮಗ್ಗ ಇರುವ ಊರಲ್ಲಿ.

ಹತ್ತಿರದ ಗಿರಾಕಿ ಅಂದರೆ ರಟ್ಟಿನ ಪೆಟ್ಟಿಗೆ ಮಾಡುವವರು. ದಾಳಿಂಬೆ, ದ್ರಾಕ್ಷಿ ಎಲ್ಲಕ್ಕೂ ಪೆಟ್ಟಿಗೆ ಬೇಕಲ್ಲ. ಆದರೆ ಅಲ್ಲೂ ಒಂದು ಮಾತಿದೆ, ಅದನ್ನು ಕೊನೆಯ ಕಡೆ ಹೇಳುತ್ತೇನೆ. ದೊಡ್ಡ ಪೇಪರ್ ಮಿಲ್ಲುಗಳು ಎಷ್ಟೋ ಕಡೆ ಕಚ್ಚಾ ಸ್ಟಾರ್ಚನ್ನೇ ತಂದು ತಮ್ಮಲ್ಲೇ ಎನ್‌ಜೈಮ್ ಹಾಕಿ ತೆಳು ಮಾಡಿಕೊಳ್ಳುತ್ತವೆ. ಹಾಗಾಗಿ ಸಣ್ಣ ಪೇಪರ್ ಮಿಲ್, ಪೇಪರ್ ಕೋನ್ ಮತ್ತು ಟ್ಯೂಬ್ ಮಾಡುವವರು, ನೂಲಿಗೆ ಗಂಜಿ ಹಾಕುವ ಸೈಜಿಂಗ್ ಘಟಕಗಳು, ಇವರನ್ನು ಹಿಡಿಯಿರಿ. ಮಷಿನ್ ತರುವ ಮುಂಚೆ ಅವರಲ್ಲಿ ಈಗ ಬಳಸುತ್ತಿರುವ ಸ್ಟಾರ್ಚಿನ ಒಂದೊಂದು ಕಿಲೋ ಕೇಳಿ ತನ್ನಿ. ಅದು ಎಷ್ಟು ತೆಳು ಇದೆ ಎಂದು ಅಳೆದರೆ ನೀವು ಏನು ಮಾಡಬೇಕು ಅನ್ನುವುದು ಗೊತ್ತಾಗುತ್ತದೆ.

ಒಳಗೆ ನಡೆಯುವುದೇನು

ಮೆಕ್ಕೆಜೋಳದ ಸ್ಟಾರ್ಚ್ ಕಣ ಸುಮಾರು 5ರಿಂದ 25 ಮೈಕ್ರಾನ್ ದಪ್ಪ. ಅದರೊಳಗೆ ಗ್ಲೂಕೋಸಿನ ಉದ್ದುದ್ದ ಸರಪಳಿಗಳು. ಸುಮಾರು ನಾಲ್ಕನೇ ಒಂದು ಭಾಗ ನೇರ ಸರಪಳಿಯ ಅಮೈಲೋಸ್, ಉಳಿದದ್ದು ಕವಲೊಡೆದ ಅಮೈಲೋಪೆಕ್ಟಿನ್. ಆರಿದ ಗಂಜಿ ಹೆಪ್ಪುಗಟ್ಟುವುದು ಮುಖ್ಯವಾಗಿ ಅಮೈಲೋಸ್‌ನಿಂದ. ನೇರ ಸರಪಳಿಗಳು ಒಂದಕ್ಕೊಂದು ಅಂಟಿಕೊಂಡು ನೀರನ್ನು ಹೊರಗೆ ತಳ್ಳುತ್ತವೆ.

ತಣ್ಣೀರಲ್ಲಿ ಕಣ ಕರಗುವುದಿಲ್ಲ, ಸುಮ್ನೆ ತಳಕ್ಕೆ ಕೂರುತ್ತದೆ. 62ರಿಂದ 72 ಡಿಗ್ರಿ ನಡುವೆ ನೀರು ಕುಡಿದು ಉಬ್ಬಿ ಒಡೆಯುತ್ತದೆ. ಒಮ್ಮೆ ಒಡೆದರೆ ಮುಗಿಯಿತು. ಅದನ್ನು ತೊಳೆಯಲಾಗುವುದಿಲ್ಲ, ಹಿಂಡಲಾಗುವುದಿಲ್ಲ, ಮತ್ತೆ ಪುಡಿ ಮಾಡುವುದಂತೂ ದೂರದ ಮಾತು. ಕಣ ಒಡೆಯದ ಹಾಗೆ ಅದರ ಒಳಗಿನ ಸರಪಳಿಯನ್ನು ಅಲ್ಲಲ್ಲಿ ಕತ್ತರಿಸುವುದೇ ಇಲ್ಲಿಯ ಇಡೀ ವಿದ್ಯೆ. ಕೆಳಗೆ ಬರುವ ಪ್ರತಿ ಅಂಕಿ, ಅಂದರೆ ಡಿಗ್ರಿ, ಪಿಎಚ್, ಗಂಟೆ ಎಲ್ಲವೂ ಈ ಒಂದು ಮಾತಿಗಾಗಿಯೇ.

ಯಾವ ದಾರಿ?

ದಾರಿಗಳು ಬಹಳ ಇವೆ. ಆಮ್ಲದಿಂದ ತೆಳು ಮಾಡುವುದು, ಹೈಪೋಕ್ಲೋರೈಟ್‌ನಿಂದ (ಕ್ಲೋರಿನ್ ಇರುವ ಬ್ಲೀಚ್ ದ್ರವ) ಆಕ್ಸಿಡೈಸ್ ಮಾಡುವುದು, ಒಣಗಿದ ಪುಡಿಯನ್ನೇ ಹುರಿದು ಡೆಕ್ಸ್‌ಟ್ರಿನ್ ಮಾಡುವುದು, ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ ಅಸಿಟೇಟ್ ಮಾಡುವುದು, ಪೇಪರ್ ಮಿಲ್ಲಿಗಾಗಿ ಧನ ವಿದ್ಯುದಂಶ ಕೊಟ್ಟು ಕ್ಯಾಟಯಾನಿಕ್ ಮಾಡುವುದು, ಸರಪಳಿಗಳಿಗೆ ಅಡ್ಡ ಕೊಂಡಿ ಹಾಕಿ ಕ್ರಾಸ್‌ಲಿಂಕ್ ಮಾಡುವುದು.

ಕೊನೆಯ ಎರಡಕ್ಕೆ ಸಣ್ಣ ಘಟಕದವರು ಕೈ ಹಾಕಬೇಡಿ. ಕ್ರಾಸ್‌ಲಿಂಕ್‌ಗೆ ಬಳಸುವ ಎಪಿಕ್ಲೋರೋಹೈಡ್ರಿನ್ ಕ್ಯಾನ್ಸರ್ ತರಬಲ್ಲ ವಿಷ. ಅದರ ಆವಿಯೇ ಅಪಾಯ. ಕ್ಯಾಟಯಾನಿಕ್ ರಿಯೇಜೆಂಟ್‌ಗಳೂ ಬಿಗಿಯಾಗಿ ಮುಚ್ಚಿದ ವ್ಯವಸ್ಥೆ, ತರಬೇತಿ ಪಡೆದ ಕೆಮಿಸ್ಟ್ ಇಲ್ಲದೆ ಮುಟ್ಟುವಂಥವಲ್ಲ. ಡೆಕ್ಸ್‌ಟ್ರಿನ್ ಕೇಳಲು ಸುಲಭ, ಆದರೆ ಒಣ ಸ್ಟಾರ್ಚ್ ಪುಡಿಯನ್ನು ನೂರು ಡಿಗ್ರಿ ಮೇಲೆ ಹುರಿಯುವಾಗ ಗಾಳಿಗೆ ಏಳುವ ಧೂಳು ಕಿಡಿ ತಾಗಿದರೆ ಸ್ಫೋಟವಾಗುತ್ತದೆ. ಅದಕ್ಕೆ ಬೇಕಾದ ರೋಸ್ಟರ್ ಬೇರೆಯೇ.

ಉಳಿದ ದಾರಿಗಳಲ್ಲಿ ಆಕ್ಸಿಡೈಸ್ಡ್ ಸ್ಟಾರ್ಚ್ ನನಗೆ ಹೆಚ್ಚು ಇಷ್ಟ. ಹೈಪೋಕ್ಲೋರೈಟ್ ಸರಪಳಿಯನ್ನು ಕತ್ತರಿಸುತ್ತದೆ, ಹಾಗಾಗಿ ಗಂಜಿ ತೆಳು. ಜೊತೆಗೆ ಅಲ್ಲಲ್ಲಿ ಕಾರ್ಬಾಕ್ಸಿಲ್ ಎಂಬ ಆಮ್ಲ ಗುಂಪುಗಳನ್ನು ಹುಟ್ಟಿಸುತ್ತದೆ. ಈ ಗುಂಪುಗಳು ಒಂದನ್ನೊಂದು ದೂರ ತಳ್ಳುವುದರಿಂದ ಸರಪಳಿಗಳು ಅಂಟಿಕೊಳ್ಳುವುದಿಲ್ಲ, ಗಂಜಿ ಬೇಗ ಹೆಪ್ಪುಗಟ್ಟುವುದಿಲ್ಲ. ಬಣ್ಣವೂ ಬಿಳುಪಾಗುತ್ತದೆ. ಒಣಗಿದಾಗ ಪಾರದರ್ಶಕ, ಗಟ್ಟಿ ಪದರ ಸಿಗುತ್ತದೆ.

ಬೇಕಾಗುವ ಸಾಮಾನು

ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಅಥವಾ ಒಳಗೆ ರಬ್ಬರ್ ಹೊದಿಸಿದ ಟ್ಯಾಂಕ್. ಸಾದಾ ಸ್ಟೀಲ್ ಬೇಡ. 304 ಸ್ಟೀಲ್ ಕೂಡ ಕ್ಲೋರೈಡ್‌ಗೆ ತೂತು ಬೀಳುತ್ತದೆ. ತುಕ್ಕಿನ ಕಬ್ಬಿಣ ಹೈಪೋಕ್ಲೋರೈಟನ್ನು ಹಾಳು ಮಾಡಿ ಸ್ಟಾರ್ಚಿಗೆ ಕಂದು ಛಾಯೆ ಕೊಡುತ್ತದೆ. ತಳದವರೆಗೂ ಕಲಕುವ ಆಜಿಟೇಟರ್, ತಣ್ಣೀರು ಹಾಯುವ ಕಾಯಿಲ್, ಥರ್ಮಾಮೀಟರ್, ಪಿಎಚ್ ಮೀಟರ್, ಹನಿ ಹನಿಯಾಗಿ ಬಿಡಲು ಎರಡು ಡೋಸಿಂಗ್ ಪಂಪ್, ಗಿರಗಿರ ತಿರುಗಿಸಿ ನೀರು ಹಿಂಡುವ ಬಾಸ್ಕೆಟ್ ಸೆಂಟ್ರಿಫ್ಯೂಜ್, ಡ್ರೈಯರ್. ಪಿಎಚ್ ಪೇಪರ್ ನಂಬಿ ಕೂರಬೇಡಿ. ಹೈಪೋಕ್ಲೋರೈಟ್ ಅದರ ಬಣ್ಣವನ್ನೇ ಬ್ಲೀಚ್ ಮಾಡಿಬಿಡುತ್ತದೆ.

ಕರೆಂಟ್ ಹೋದರೆ ಆಜಿಟೇಟರ್ ನಿಲ್ಲಬಾರದು. ಜನರೇಟರ್ ಇರಲೇಬೇಕು. ಕಲಸಿದ ಸ್ಟಾರ್ಚ್ ಹಾಲಿನ ಥರ ಕಾಣುತ್ತದೆ, ಆದರೆ ಅರ್ಧ ಗಂಟೆ ಬಿಟ್ಟರೆ ತಳದಲ್ಲಿ ಕಲ್ಲಿನಂತೆ ಕೂರುತ್ತದೆ. ಬಕೆಟ್‌ನಲ್ಲಿ ಪರೀಕ್ಷೆ ಮಾಡಿ ನೋಡಿ: ಬೆರಳನ್ನು ನಿಧಾನ ಇಳಿಸಿದರೆ ಒಳಗೆ ಹೋಗುತ್ತದೆ, ಜೋರಾಗಿ ಚುಚ್ಚಿದರೆ ತಡೆಯುತ್ತದೆ. ಕೂತ ಸ್ಟಾರ್ಚಿನಲ್ಲಿ ಮೋಟರನ್ನು ಏಕಾಏಕಿ ಚಾಲೂ ಮಾಡಿದರೂ ಇದೇ ಗತಿ. ಶಾಫ್ಟ್ ಬಗ್ಗುತ್ತದೆ, ಇಲ್ಲವೇ ಮೋಟರ್ ಸುಡುತ್ತದೆ. ಅಂಥ ಹೊತ್ತಲ್ಲಿ ಮೊದಲು ಕೋಲಿನಿಂದ ನಿಧಾನವಾಗಿ ಕದಡಿ ಎಬ್ಬಿಸಬೇಕು.

ನೀರು ಮತ್ತು ಕಚ್ಚಾ ಮಾಲು

ನಮ್ಮ ಕಡೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು, ಉಪ್ಪು. ಬಿಳಿ ಬಟ್ಟೆಯಲ್ಲಿ ಒಂದು ಬಕೆಟ್ ಸೋಸಿ ನೋಡಿ. ಕೆಂಪು ಕಲೆ ಉಳಿದರೆ ಕಬ್ಬಿಣ ಇದೆ, ಆ ನೀರು ಬೇಡ. ಕಾಲುವೆ ನೀರಾದರೆ ಮಣ್ಣು ಕೂರಿಸಿ, ಸೋಸಿ ಬಳಸಿ. ಕೊನೆಯ ತೊಳೆತಕ್ಕಾದರೂ ಮೆದು ನೀರು ಇರಲಿ.

ಸ್ಟಾರ್ಚ್ ಚೀಲ ಬಂದಾಗ ನೋಡಬೇಕಾದ್ದು ತೇವಾಂಶ. ಸಾಮಾನ್ಯವಾಗಿ 12 ಪರ್ಸೆಂಟಿನ ಆಸುಪಾಸು ಇರುತ್ತದೆ. ಲೆಕ್ಕವೆಲ್ಲ ಒಣ ಸ್ಟಾರ್ಚಿನ ಮೇಲೆ ಹಾಕಬೇಕು, ಚೀಲದ ತೂಕದ ಮೇಲಲ್ಲ. ಹುಳಿ ವಾಸನೆ ಇದ್ದರೆ ವಾಪಸ್ ಕಳಿಸಿ. ಪ್ರೋಟೀನ್ 0.5 ಪರ್ಸೆಂಟಿಗಿಂತ ಕಡಿಮೆ ಇರಲಿ. ಪ್ರೋಟೀನ್ ಜಾಸ್ತಿ ಇದ್ದರೆ ನೀವು ಹಾಕಿದ ಕ್ಲೋರಿನ್ ಅದರ ಜೊತೆಯೇ ಖರ್ಚಾಗುತ್ತದೆ, ಕುದಿಸುವಾಗ ನೊರೆಯೂ ಬರುತ್ತದೆ.

ಹೈಪೋಕ್ಲೋರೈಟನ್ನು ಅಳೆಯುವುದು

ಇಡೀ ಕೆಲಸದಲ್ಲಿ ಜನ ಹಾರಿಸಿಬಿಡುವ ಹಂತ ಇದೇ. ಕ್ಯಾನ್ ಮೇಲೆ 10 ಅಥವಾ 12 ಪರ್ಸೆಂಟ್ ಅಂತ ಬರೆದಿರುತ್ತದೆ. ಅದು ತಯಾರಾದ ದಿನದ ಮಾತು. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ, ತಗಡಿನ ಶೆಡ್ಡಿನಲ್ಲಿ ಕ್ಯಾನ್ ಇಟ್ಟರೆ ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತದೆ. ಹಾಗಾಗಿ ಪ್ರತಿ ಬ್ಯಾಚಿಗೂ ಅಳೆಯಲೇಬೇಕು.

10 ಮಿಲಿ ಹೈಪೋಕ್ಲೋರೈಟನ್ನು 100 ಮಿಲಿ ಫ್ಲಾಸ್ಕಿಗೆ ಹಾಕಿ, ಶುದ್ಧ ನೀರಿನಿಂದ ಗುರುತಿನವರೆಗೆ ತುಂಬಿ ಕಲಕಿ. ಅದರಿಂದ 10 ಮಿಲಿ ತೆಗೆದುಕೊಳ್ಳಿ. ಅಂದರೆ ಮೂಲ ದ್ರವದ 1 ಮಿಲಿ ನಿಮ್ಮ ಕೈಲಿದೆ. ಇದಕ್ಕೆ 10 ಪರ್ಸೆಂಟ್ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ 10 ಮಿಲಿ, ಆಮೇಲೆ ಅಸಿಟಿಕ್ ಆಮ್ಲ 10 ಮಿಲಿ ಹಾಕಿ. ಗಾಢ ಕಂದು ಬಣ್ಣ ಬರುತ್ತದೆ. ಬ್ಯೂರೆಟ್‌ನಿಂದ 0.1 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್ ಬಿಡುತ್ತಾ ಹೋಗಿ. ಬಣ್ಣ ತಿಳಿ ಹಳದಿಗೆ ಬಂದಾಗ ಒಂದೆರಡು ಮಿಲಿ ಸ್ಟಾರ್ಚ್ ದ್ರಾವಣ ಹಾಕಿ, ನೀಲಿ ಆಗುತ್ತದೆ. ನೀಲಿ ಪೂರ್ತಿ ಹೋದ ಗಳಿಗೆ ನಿಲ್ಲಿಸಿ. ಬ್ಯೂರೆಟ್ ಓದನ್ನು 3.546ರಿಂದ ಗುಣಿಸಿದರೆ ಒಂದು ಲೀಟರಿನಲ್ಲಿ ಎಷ್ಟು ಗ್ರಾಂ ಕ್ಲೋರಿನ್ ಇದೆ ಎಂದು ಸಿಗುತ್ತದೆ.

ಓದು 28 ಬಂದರೆ ಲೀಟರಿಗೆ ಸುಮಾರು 99 ಗ್ರಾಂ. ಓದು 24 ಬಂದರೆ 85 ಗ್ರಾಂ. ಎರಡೂ ಕ್ಯಾನ್ ನೋಡಲು ಒಂದೇ ಥರ, ಒಂದೇ ವಾಸನೆ.

100 ಕಿಲೋ ಬ್ಯಾಚಿನ ಲೆಕ್ಕ

12 ಪರ್ಸೆಂಟ್ ತೇವ ಇರುವ 100 ಕಿಲೋ ಸ್ಟಾರ್ಚಿನಲ್ಲಿ ಒಣ ಸ್ಟಾರ್ಚ್ 88 ಕಿಲೋ. ಇದಕ್ಕೆ 120 ಲೀಟರ್ ನೀರು ಸೇರಿಸಿದರೆ 40 ಪರ್ಸೆಂಟ್ ಸ್ಲರಿ, ಅಂದರೆ ಸ್ಟಾರ್ಚ್ ಹಾಲು, ಆಗುತ್ತದೆ. ದ್ರವದ ಸಾಂದ್ರತೆ ಅಳೆಯುವ ಬೋಮೆ ಹೈಡ್ರೋಮೀಟರ್ ಇಳಿಬಿಟ್ಟರೆ 22ರಿಂದ 23 ತೋರಿಸಬೇಕು. ಆಮೇಲೆ ಹಾಕುವ ಹೈಪೋಕ್ಲೋರೈಟಿನಲ್ಲಿ ನೀರೂ ಇರುವುದರಿಂದ ಕೊನೆಗೆ 36ರ ಹತ್ತಿರ ಬರುತ್ತದೆ. ಅದು ಸರಿ.

ಕ್ಲೋರಿನ್ ಎಷ್ಟು? ಒಣ ಸ್ಟಾರ್ಚಿನ ಅರ್ಧ ಪರ್ಸೆಂಟಿನಿಂದ ಆರು ಪರ್ಸೆಂಟಿನವರೆಗೆ ಕಾರ್ಖಾನೆ ಕೆಲಸದಲ್ಲಿ ಬಳಕೆಯಿದೆ. ಜಾಸ್ತಿ ಹಾಕಿದಷ್ಟೂ ತೆಳು. ಮೊದಲ ಬಾರಿ ಮಾಡುವವರು 2.5 ಪರ್ಸೆಂಟಿನಿಂದ ಶುರು ಮಾಡಿ. 88 ಕಿಲೋಗೆ 2.2 ಕಿಲೋ ಕ್ಲೋರಿನ್ ಬೇಕು. ಲೀಟರಿಗೆ 99 ಗ್ರಾಂ ಇರುವ ದ್ರವವಾದರೆ ಸುಮಾರು 22 ಲೀಟರ್. 85 ಗ್ರಾಂ ಇರುವುದಾದರೆ 26 ಲೀಟರ್. ಅಳೆಯದೇ 22 ಲೀಟರ್ ಹಾಕಿದ್ದರೆ 2.1 ಪರ್ಸೆಂಟ್ ಅಷ್ಟೇ ಹೋಗಿರುತ್ತಿತ್ತು, ಗಂಜಿ ದಪ್ಪ ಬಂತು ಎಂದು ಗಿರಾಕಿ ಫೋನ್ ಮಾಡುತ್ತಿದ್ದ.

ಈ ಪೂರ್ತಿ ಕ್ರಮವನ್ನು ಮೊದಲು ಒಂದು ಕಿಲೋ ಸ್ಟಾರ್ಚಿನಲ್ಲಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಕೆಮಿಸ್ಟ್ ಒಬ್ಬರನ್ನು ಪಕ್ಕದಲ್ಲಿಟ್ಟುಕೊಂಡು ಮಾಡಿ. 100 ಕಿಲೋಗೆ ಆಮೇಲೆ ಹೋಗಿ.

ಬ್ಯಾಚ್ ನಡೆಸುವುದು

ಒಂದು. ಟ್ಯಾಂಕಿಗೆ ಮೊದಲು ನೀರು, ಆಜಿಟೇಟರ್ ಚಾಲೂ, ಆಮೇಲೆ ಸ್ಟಾರ್ಚ್. ಉಲ್ಟಾ ಮಾಡಿದರೆ ಗಂಟು. ಜಾಲರಿಯಲ್ಲಿ ಸೋಸಿ ದಾರ, ಚೀಲದ ಎಳೆ ತೆಗೆಯಿರಿ.

ಎರಡು. ಸ್ಲರಿಯ ಬಿಸಿ 25ರಿಂದ 30 ಡಿಗ್ರಿಗೆ ತನ್ನಿ. ಇದು ಡಿಸೆಂಬರಿನಲ್ಲಿ ತಾನಾಗೇ ಇರುತ್ತದೆ. ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ಕೈ ಸುಡುವಷ್ಟು ಕಾದಿರುತ್ತದೆ, ಅದನ್ನು ಬಳಸಬೇಡಿ. ನೆಲದೊಳಗಿನ ಸಂಪಿನ ನೀರು ತಗೊಳ್ಳಿ, ಬ್ಯಾಚನ್ನು ಬೆಳಗಿನ ಜಾವ ಶುರು ಮಾಡಿ. ಅಗತ್ಯ ಬಿದ್ದರೆ ನೀರಿನ ಸ್ವಲ್ಪ ಭಾಗವನ್ನು ಐಸ್ ರೂಪದಲ್ಲಿ ಹಾಕಿ.

ಮೂರು. 3 ಪರ್ಸೆಂಟ್ ಕಾಸ್ಟಿಕ್ ಸೋಡಾ ದ್ರಾವಣವನ್ನು ನಿಧಾನವಾಗಿ ಬಿಟ್ಟು ಪಿಎಚ್ 9ರಿಂದ 9.5ಕ್ಕೆ ಏರಿಸಿ. 3 ಪರ್ಸೆಂಟ್ ಯಾಕೆ, ಗಟ್ಟಿ ದ್ರಾವಣವೇ ಹಾಕಿದರೆ ಬೇಗ ಆಗುವುದಿಲ್ಲವೇ? ಆಗುತ್ತದೆ, ಆದರೆ ಗಟ್ಟಿ ಕಾಸ್ಟಿಕ್ ಬಿದ್ದ ಜಾಗದಲ್ಲಿ ಕಣಗಳು ತಣ್ಣೀರಲ್ಲೇ ಉಬ್ಬಿ ಒಡೆಯುತ್ತವೆ. ಸ್ಲರಿಯಲ್ಲಿ ಮೀನಿನ ಕಣ್ಣಿನಂಥ ಪಾರದರ್ಶಕ ಗಂಟುಗಳು ತೇಲುತ್ತಿದ್ದರೆ ಕಾರಣ ಇದೇ. ಆ ಗಂಟು ಮುಂದೆ ಸೆಂಟ್ರಿಫ್ಯೂಜ್ ಬಟ್ಟೆಯ ತೂತು ಮುಚ್ಚಿಬಿಡುತ್ತದೆ. ಆಜಿಟೇಟರ್ ಸುಳಿ ಜೋರಾಗಿರುವ ಕಡೆ ಪೈಪಿನ ಬಾಯಿ ಇರಲಿ.

ನಾಲ್ಕು. ಈಗ ಹೈಪೋಕ್ಲೋರೈಟ್. ಒಂದರಿಂದ ಒಂದೂವರೆ ಗಂಟೆಯ ಅವಧಿಯಲ್ಲಿ, ಒಂದೇ ಸಮನೆ ಬಿಡಿ. ಈ ಕ್ರಿಯೆ ಬಿಸಿ ಹುಟ್ಟಿಸುತ್ತದೆ. ಥರ್ಮಾಮೀಟರ್ ಮೇಲೆ ಕಣ್ಣಿಡಿ. 35 ಡಿಗ್ರಿ ದಾಟಲು ಬಿಡಬೇಡಿ. ಏರುತ್ತಿದ್ದರೆ ಪಂಪ್ ನಿಲ್ಲಿಸಿ, ಕಾಯಿಲಿಗೆ ತಣ್ಣೀರು ಜಾಸ್ತಿ ಬಿಡಿ.

ಪಿಎಚ್ ತಾನಾಗೇ ಇಳಿಯುತ್ತಾ ಹೋಗುತ್ತದೆ, ಯಾಕೆಂದರೆ ಸ್ಟಾರ್ಚಿನಲ್ಲಿ ಆಮ್ಲ ಗುಂಪುಗಳು ಹುಟ್ಟುತ್ತಿವೆ. ಎರಡನೇ ಪಂಪಿನಿಂದ ಕಾಸ್ಟಿಕ್ ಬಿಡುತ್ತಾ 8.5ರಿಂದ 9.5ರ ಒಳಗೆ ಹಿಡಿದಿಡಿ. ಇದು ಸುಮ್ನೆ ಪುಸ್ತಕದ ಮಾತಲ್ಲ. ಪಿಎಚ್ 7ರ ಹತ್ತಿರ ಬಂದರೆ ಕ್ರಿಯೆ ತೀರಾ ವೇಗವಾಗುತ್ತದೆ. ಕಾರ್ಬಾಕ್ಸಿಲ್ ಬದಲು ಕಾರ್ಬೊನಿಲ್ ಎಂಬ ಬೇರೆ ಗುಂಪು ಜಾಸ್ತಿ ಹುಟ್ಟುತ್ತದೆ. ಅಂಥ ಸ್ಟಾರ್ಚ್ ಒಣಗಿಸುವಾಗ, ಗೋದಾಮಿನಲ್ಲಿ ಇಟ್ಟಾಗ ಹಳದಿ ತಿರುಗುತ್ತದೆ. ಇನ್ನೂ ಕೆಳಗೆ ಇಳಿದರೆ ಕ್ಲೋರಿನ್ ಅನಿಲವೇ ಹೊರಬರುತ್ತದೆ. ಅತ್ತ 11 ದಾಟಿದರೆ ಕ್ರಿಯೆ ಮಂದವಾಗುತ್ತದೆ, ಕಣವೂ ಉಬ್ಬಲು ಶುರುವಾಗುತ್ತದೆ.

ಐದು. ಎಲ್ಲ ಹಾಕಿದ ಮೇಲೆ ಎರಡರಿಂದ ನಾಲ್ಕು ಗಂಟೆ ಕಲಕುತ್ತಾ ಬಿಡಿ. ಅರ್ಧ ಗಂಟೆಗೊಮ್ಮೆ ಒಂದು ಹನಿಯನ್ನು ಪೊಟ್ಯಾಸಿಯಂ ಅಯೋಡೈಡ್ ಸ್ಟಾರ್ಚ್ ಪೇಪರಿನ ಮೇಲೆ ಹಾಕಿ. ಗಾಢ ನೀಲಿ ಬಂದರೆ ಕ್ಲೋರಿನ್ ಇನ್ನೂ ಇದೆ. ನೀಲಿ ಮಸುಕಾಗುತ್ತಾ ಬಂದರೆ ಮುಗಿಯುತ್ತಾ ಬಂತು.

ಆರು. ನಿಲ್ಲಿಸುವುದು. ಇಲ್ಲಿ ಕ್ರಮ ತಪ್ಪಬಾರದು. ಮೊದಲು ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ಹಾಕಿ ಉಳಿದ ಕ್ಲೋರಿನ್ ಕೊಲ್ಲಿ. ಒಂದು ಗ್ರಾಂ ಕ್ಲೋರಿನ್ನಿಗೆ ಸುಮಾರು 1.35 ಗ್ರಾಂ ಬೇಕು. ಸ್ವಲ್ಪ ಸ್ವಲ್ಪವೇ ಹಾಕಿ, ಪೇಪರ್ ನೀಲಿ ಆಗುವುದು ಪೂರ್ತಿ ನಿಲ್ಲುವವರೆಗೆ. ಅದು ಆದ ಮೇಲಷ್ಟೇ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 6ರಿಂದ 6.5ಕ್ಕೆ ತನ್ನಿ. ಕ್ಲೋರಿನ್ ಉಳಿದಿರುವಾಗಲೇ ಆಮ್ಲ ಸುರಿದರೆ ಟ್ಯಾಂಕಿನ ಬಾಯಲ್ಲಿ ನಿಂತವರ ಮುಖಕ್ಕೇ ಕ್ಲೋರಿನ್ ಅನಿಲ ಹೊಡೆಯುತ್ತದೆ. ಇದೇ ಕಾರಣಕ್ಕೆ ಆಮ್ಲದ ಕ್ಯಾನ್ ಮತ್ತು ಹೈಪೋಕ್ಲೋರೈಟ್ ಕ್ಯಾನ್ ಒಂದೇ ಕೋಣೆಯಲ್ಲಿ ಇರಬಾರದು, ಒಂದೇ ಮಗ್‌ನಲ್ಲಿ ಅಳೆಯಲೂಬಾರದು.

ತೊಳೆಯುವುದು, ಒಣಗಿಸುವುದು

2.2 ಕಿಲೋ ಕ್ಲೋರಿನ್ ಖರ್ಚಾದರೆ ಕಡಿಮೆ ಎಂದರೂ ಮೂರೂವರೆ ಕಿಲೋ ಉಪ್ಪು ಸ್ಲರಿಯಲ್ಲಿ ಉಳಿಯುತ್ತದೆ. ಅದನ್ನು ತೆಗೆಯಬೇಕು. ಸೆಂಟ್ರಿಫ್ಯೂಜಿನಲ್ಲಿ ಹಿಂಡಿ, ಕೇಕನ್ನು ಮತ್ತೆ ಶುದ್ಧ ನೀರಲ್ಲಿ ಕಲಸಿ, ಮತ್ತೆ ಹಿಂಡಿ. ನೀರಲ್ಲಿ ಕರಗಿದ ಉಪ್ಪು ತೋರಿಸುವ, ಆರ್‌ಒ ಅಂಗಡಿಯವರ ಹತ್ತಿರ ಇರುವ ಟಿಡಿಎಸ್ ಮೀಟರ್ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಹಾಕಿದ ನೀರಿನ ಓದು, ಹೊರಬಂದ ನೀರಿನ ಓದು ಹತ್ತಿರ ಹತ್ತಿರ ಬಂದರೆ ಸಾಕು. ತುಂಬಾ ತೊಳೆದರೆ ಕರಗುವ ಸ್ಟಾರ್ಚ್ ನೀರಿನ ಜೊತೆ ಹೋಗಿ ಇಳುವರಿ ಬೀಳುತ್ತದೆ.

ಈ ನೀರನ್ನು ಏನು ಮಾಡುವುದು ಅನ್ನುವುದಕ್ಕೆ ಉತ್ತರ ಇಲ್ಲದೆ ಘಟಕ ಹಾಕಬೇಡಿ. ಸ್ಟಾರ್ಚ್ ಕೊಳೆತು ನಾರುತ್ತದೆ, ಅದನ್ನು ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ. ಆದರೆ ಉಪ್ಪನ್ನು ಯಾವ ಬ್ಯಾಕ್ಟೀರಿಯಾವೂ ತಿನ್ನುವುದಿಲ್ಲ. ಪಕ್ಕದ ಹೊಲಕ್ಕೆ ಬಿಟ್ಟರಾಯಿತು ಅನ್ನುವವರು ಸಿಂಧನೂರು, ಗಂಗಾವತಿ ಕಡೆ ಕಾಲುವೆ ಕೆಳಗೆ ಸವಳು ಬಿದ್ದ ಕಪ್ಪು ಮಣ್ಣನ್ನು ಒಮ್ಮೆ ನೋಡಿ ಬರಲಿ. ಎರಡನೇ ತೊಳೆತದ ನೀರನ್ನು ಮುಂದಿನ ಬ್ಯಾಚಿನ ಮೊದಲ ತೊಳೆತಕ್ಕೆ ಬಳಸಿದರೆ ನೀರು ಬಹಳ ಉಳಿಯುತ್ತದೆ. ಉಪ್ಪಿನ ನೀರಿಗೆ ಒಳಗೆ ಹಾಳೆ ಹಾಸಿದ ಆವಿ ಹೊಂಡ ಬೇಕಾಗುತ್ತದೆ. ನಮ್ಮ ಬಿಸಿಲು ಉಪಯೋಗಕ್ಕೆ ಬರುವ ಜಾಗ ಇದೊಂದೇ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಘಟಕ ಕಟ್ಟುವ ಮುಂಚೆ ಒಂದು ಒಪ್ಪಿಗೆ, ನಡೆಸುವ ಮುಂಚೆ ಇನ್ನೊಂದು ಒಪ್ಪಿಗೆ ಬೇಕು. ಅರ್ಜಿಯಲ್ಲಿ ಮೊದಲು ಕೇಳುವುದೂ ಈ ನೀರಿನ ಲೆಕ್ಕವನ್ನೇ.

ಹಿಂಡಿದ ಕೇಕಿನಲ್ಲಿ ಇನ್ನೂ 35ರಿಂದ 40 ಪರ್ಸೆಂಟ್ ನೀರಿರುತ್ತದೆ. ಟ್ರೇ ಡ್ರೈಯರ್ ಆದರೆ 50 ಡಿಗ್ರಿ ಸುತ್ತ ಇಡಿ. ಒದ್ದೆ ಇರುವಾಗಲೇ ಬಿಸಿ ಏರಿಸಿದರೆ ಕಣ ಬೆಂದು ಗಾಜಿನ ಚೂರಿನಂಥ ಹಳಕು ಆಗುತ್ತದೆ. ಫ್ಲ್ಯಾಶ್ ಡ್ರೈಯರ್‌ನಲ್ಲಿ ಗಾಳಿ ಬಹಳ ಬಿಸಿ ಇದ್ದರೂ ನಡೆಯುತ್ತದೆ, ಯಾಕೆಂದರೆ ಕಣ ಅದರಲ್ಲಿ ಇರುವುದು ಕೆಲವೇ ಸೆಕೆಂಡು. ಬಯಲಲ್ಲಿ ಟಾರ್ಪಾಲ್ ಹಾಸಿ ಒಣಗಿಸುವ ಆಸೆ ಬಿಡಿ. ಬೀಸುವ ಗಾಳಿಗೆ ಧೂಳು, ಹೊಟ್ಟು ಎಲ್ಲ ಸೇರುತ್ತದೆ. ತೇವ 12ಕ್ಕೆ ಬಂದರೆ ಸಾಕು. ಪುಡಿ ಮಾಡುವ ಕೋಣೆಯಲ್ಲಿ ಬೀಡಿ, ವೆಲ್ಡಿಂಗ್ ಯಾವುದೂ ಇಲ್ಲ. ಎಲ್ಲ ಮಷಿನ್‌ಗೂ ಅರ್ಥಿಂಗ್ ಇರಲಿ, ತೊಲೆಗಳ ಮೇಲೆ ಕೂತ ಧೂಳನ್ನು ವಾರಕ್ಕೊಮ್ಮೆಯಾದರೂ ತೆಗೆಯಿರಿ.

ಸರಿಯಾಗಿ ಬಂದಿದೆಯೇ?

ಗಿರಾಕಿಗೆ ಬೇಕಾದ್ದು ಒಂದೇ: ಗಂಜಿ ಎಷ್ಟು ತೆಳು. 10 ಪರ್ಸೆಂಟ್ ಗಂಜಿ ಮಾಡಿ, ಕುದಿಯುವ ನೀರಿನ ಪಾತ್ರೆಯಲ್ಲಿ ಇಟ್ಟು 20 ನಿಮಿಷ ಕಲಕಿ, ಆವಿಯಾದ ನೀರು ಮತ್ತೆ ತುಂಬಿ. ತಳದಲ್ಲಿ ತೂತಿರುವ ಅಳತೆಯ ಕಪ್, ಅಂದರೆ ಫೋರ್ಡ್ ಕಪ್‌ಗೆ ಹಾಕಿ ಎಷ್ಟು ಸೆಕೆಂಡಿನಲ್ಲಿ ಇಳಿಯಿತು ನೋಡಿ. ಪ್ರತಿ ಸಲ ಅದೇ ಬಿಸಿಯಲ್ಲಿ, ಅದೇ ಕಪ್‌ನಲ್ಲಿ. ಗಿರಾಕಿಯಿಂದ ತಂದ ಸ್ಯಾಂಪಲ್ಲಿಗೂ ಇದನ್ನೇ ಮಾಡಿ. ಎರಡರ ಸೆಕೆಂಡು ಹೊಂದುವ ಹಾಗೆ ಮುಂದಿನ ಬ್ಯಾಚಿನ ಕ್ಲೋರಿನ್ ಏರಿಸಿ ಅಥವಾ ಇಳಿಸಿ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ. ಕ್ಲೋರಿನ್ನೂ ಬಿಸಿಯೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ.

ಇನ್ನೊಂದು ಚೆಂದದ ಪರೀಕ್ಷೆ ಇದೆ. ಒಂದು ಚಿಟಿಕೆ ಪುಡಿಯನ್ನು ತೆಳು ಮೆಥಿಲೀನ್ ಬ್ಲೂ ದ್ರಾವಣದಲ್ಲಿ ಐದು ನಿಮಿಷ ಇಟ್ಟು, ತೊಳೆದು, ಮೈಕ್ರೋಸ್ಕೋಪಿನಲ್ಲಿ ನೋಡಿ. ಕಚ್ಚಾ ಸ್ಟಾರ್ಚಿನ ಕಣ ಹೆಚ್ಚುಕಡಿಮೆ ಬಣ್ಣವಿಲ್ಲದೆ ಉಳಿಯುತ್ತದೆ. ಆಕ್ಸಿಡೈಸ್ ಆದ ಕಣ ನೀಲಿ ಹಿಡಿಯುತ್ತದೆ, ಯಾಕೆಂದರೆ ಅದರ ಕಾರ್ಬಾಕ್ಸಿಲ್ ಗುಂಪು ಆ ಬಣ್ಣವನ್ನು ಎಳೆದುಕೊಳ್ಳುತ್ತದೆ. ಕೆಲವು ಕಣ ಗಾಢ ನೀಲಿ, ಕೆಲವು ಬಿಳಿ ಹೀಗೆ ಮಿಶ್ರ ಇದ್ದರೆ ಟ್ಯಾಂಕಿನ ಕಲಕಾಟ ಸಾಲದು, ಅಥವಾ ಯಾರೋ ಕಚ್ಚಾ ಸ್ಟಾರ್ಚ್ ಬೆರೆಸಿದ್ದಾರೆ. ಬೇರೆಯವರಿಂದ ಮಾಡಿಫೈಡ್ ಸ್ಟಾರ್ಚ್ ಕೊಳ್ಳುವವರಿಗೂ ಇದು ಒಳ್ಳೆಯ ಅಸ್ತ್ರ.

ಆಮ್ಲದ ದಾರಿ, ಚಿಕ್ಕದಾಗಿ

ಹೈಪೋಕ್ಲೋರೈಟ್ ಬೇಡ ಅನ್ನುವವರಿಗೆ ಇದು ಸುಲಭ. ಅದೇ 100 ಕಿಲೋ ಸ್ಟಾರ್ಚ್, ಅದೇ 120 ಲೀಟರ್ ನೀರು. 32 ಪರ್ಸೆಂಟಿನ ಹೈಡ್ರೋಕ್ಲೋರಿಕ್ ಆಮ್ಲ ಸುಮಾರು 2 ಲೀಟರನ್ನು ಹತ್ತು ಪಟ್ಟು ನೀರಿಗೆ ಹಾಕಿ ತೆಳು ಮಾಡಿಕೊಂಡು ಬೆರೆಸಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. 50 ಡಿಗ್ರಿಯಲ್ಲಿ ಆರರಿಂದ ಹದಿನಾರು ಗಂಟೆ ಕಲಕಿ. ಎಷ್ಟು ಗಂಟೆ ಅನ್ನುವುದನ್ನು ನಿಮ್ಮ ಫೋರ್ಡ್ ಕಪ್ ಹೇಳುತ್ತದೆ. 55 ದಾಟಬೇಡಿ. ಸಾಕು ಅನಿಸಿದಾಗ ಸುಮಾರು ಒಂದು ಕಿಲೋ ಸೋಡಾ ಆಷ್, ಅಂದರೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ, ಕರಗಿಸಿ ನಿಧಾನ ಹಾಕಿ. ಅನಿಲ ಬಂದು ಬುಸುಗುಟ್ಟಿ ಉಕ್ಕುತ್ತದೆ, ಟ್ಯಾಂಕಿನಲ್ಲಿ ಮೇಲೆ ಜಾಗ ಇರಲಿ. ಪಿಎಚ್ 5.5ರಿಂದ 6ಕ್ಕೆ ಬಂದರೆ ತೊಳೆದು ಒಣಗಿಸಿ.

ಇದು ಹಳೆಯ ವಿದ್ಯೆ. ಜರ್ಮನಿಯ ರಸಾಯನ ತಜ್ಞ ಲಿಂಟ್ನರ್ 1886ರಲ್ಲಿ ಸ್ಟಾರ್ಚನ್ನು 7.5 ಪರ್ಸೆಂಟ್ ಆಮ್ಲದಲ್ಲಿ ಬಿಸಿ ಮಾಡದೆ ಒಂದು ವಾರ ಇಟ್ಟು ಇದನ್ನೇ ಮಾಡಿದ. ಈಗಲೂ ಲ್ಯಾಬಿನಲ್ಲಿ ಸಿಗುವ ಕರಗುವ ಸ್ಟಾರ್ಚ್ ಹೆಚ್ಚಾಗಿ ಆ ಜಾತಿಯದೇ. ಅಂದರೆ ಮೇಲೆ ಹೈಪೋಕ್ಲೋರೈಟ್ ಅಳೆಯಲು ಹಾಕಿದ ಆ ನೀಲಿ ಸೂಚಕವೂ ಮಾಡಿಫೈಡ್ ಸ್ಟಾರ್ಚೇ! ಆಮ್ಲದ ಸ್ಟಾರ್ಚ್ ಬಿಸಿಯಲ್ಲಿ ತೆಳು ಹರಿಯುತ್ತದೆ, ಆದರೆ ಆರಿದರೆ ಗಟ್ಟಿ ಹೆಪ್ಪು. ಬಿಸಿ ಗಂಜಿಯನ್ನೇ ಬಳಸುವ ಸೈಜಿಂಗ್ ಘಟಕಕ್ಕೆ ಅದು ಅಡ್ಡಿಯಿಲ್ಲ. ಗಂಜಿ ಮಾಡಿಟ್ಟುಕೊಂಡು ದಿನವಿಡೀ ಬಳಸುವವರಿಗೆ ಆಕ್ಸಿಡೈಸ್ಡ್ ಸ್ಟಾರ್ಚೇ ಬೇಕು.

ಪೆಟ್ಟಿಗೆಯವರ ಮಾತು

ರಟ್ಟಿನ ಪೆಟ್ಟಿಗೆ ಮಾಡುವವರಿಗೆ ಸುಮಾರು ಸಲ ಮಾಡಿಫೈಡ್ ಸ್ಟಾರ್ಚ್ ಬೇಕೇ ಆಗುವುದಿಲ್ಲ. ಬಿಸಿ ರೋಲರ್ ಇರುವ ದೊಡ್ಡ ಲೈನಿನವರು ಕಚ್ಚಾ ಸ್ಟಾರ್ಚಿನಲ್ಲೇ ಅಂಟು ಮಾಡಿಕೊಳ್ಳುತ್ತಾರೆ. ಅಮೆರಿಕದ ಸ್ಟೈನ್ ಹಾಲ್ ಕಂಪನಿಯಿಂದ 1930ರ ದಶಕದಲ್ಲಿ ಬಂದ ಕ್ರಮ ಅದು. ಸ್ಟಾರ್ಚಿನ ಸ್ವಲ್ಪ ಭಾಗವನ್ನು ಕಾಸ್ಟಿಕ್ ಹಾಕಿ ಬೇಯಿಸುತ್ತಾರೆ. ಉಳಿದ ಬಹುಪಾಲನ್ನು ಹಸಿಯಾಗಿಯೇ ಅದರಲ್ಲಿ ತೇಲಿಸುತ್ತಾರೆ. ಜೊತೆಗೆ ಸ್ವಲ್ಪ ಬೊರಾಕ್ಸ್. ಬೆಂದ ಭಾಗ ಹಸಿ ಕಣಗಳನ್ನು ತಳಕ್ಕೆ ಕೂರದಂತೆ ಹಿಡಿದಿರುತ್ತದೆ. ಪೇಪರ್ ಬಿಸಿ ರೋಲರಿಗೆ ತಾಗಿದಾಗ ಹಸಿ ಕಣಗಳು ಅಲ್ಲಿಯೇ ಉಬ್ಬಿ ಅಂಟುತ್ತವೆ. ಕಾಸ್ಟಿಕ್ ಇರುವುದರಿಂದ ಉಬ್ಬುವ ಬಿಸಿ 60ರ ಸುತ್ತ ಇಳಿದಿರುತ್ತದೆ. ಇಂಥವರ ಹತ್ತಿರ ಹೋಗಿ ಆಕ್ಸಿಡೈಸ್ಡ್ ಸ್ಟಾರ್ಚ್ ಮಾರಲು ನಿಂತರೆ ಚಹಾ ಕೊಟ್ಟು ಕಳಿಸುತ್ತಾರೆ, ಅಷ್ಟೇ.

ಕೈಯಿಂದ ಅಂಟು ಬಳಿಯುವ, ಬಿಸಿ ರೋಲರ್ ಇಲ್ಲದ ಸಣ್ಣ ಪೆಟ್ಟಿಗೆ ಘಟಕಗಳು ನಿಮ್ಮ ಗಿರಾಕಿ. ಅವರಿಗೆ ಬೇಯಿಸುವ ರಗಳೆ ಬೇಡ, ಬಕೆಟ್‌ನಲ್ಲಿ ಕಲಸಿ ಬಳಿಯುವಂಥದ್ದು ಬೇಕು. ಆಕ್ಸಿಡೈಸ್ಡ್ ಸ್ಟಾರ್ಚನ್ನು 20ರಿಂದ 25 ಪರ್ಸೆಂಟಿಗೆ ಬೇಯಿಸಿ, ಹುಳಿಯದಂತೆ ಸಂರಕ್ಷಕ ಬೆರೆಸಿ, ಸಿದ್ಧ ಅಂಟನ್ನೇ ಡ್ರಮ್‌ನಲ್ಲಿ ಕೊಟ್ಟರೆ ಅವರು ತಗೊಳ್ಳುತ್ತಾರೆ. ಮಳೆಗಾಲದಲ್ಲಿ ಈ ಅಂಟು ಒಣಗಲು ತಡವಾಗುತ್ತದೆ ಎಂದು ಮೊದಲೇ ಹೇಳಿಬಿಡಿ.

ಬಂದ ದೂರುಗಳನ್ನು ಓದುವ ಬಗೆ

ಗಂಜಿ ದಪ್ಪ ಅಂದರೆ ಕ್ಲೋರಿನ್ ಕಡಿಮೆ ಬಿದ್ದಿದೆ, ಹೈಪೋಕ್ಲೋರೈಟ್ ಅಳೆದು ಬರೆದಿಟ್ಟ ಪುಸ್ತಕ ತೆಗೆದು ನೋಡಿ. ಪುಡಿ ಹಳದಿ ಅಂದರೆ ಪಿಎಚ್ ಕೆಳಗೆ ಹೋಗಿತ್ತು, ಇಲ್ಲವೇ ಡ್ರೈಯರ್ ಬಿಸಿ ಜಾಸ್ತಿ. ಈಜುಕೊಳದ ವಾಸನೆ ಬಂದರೆ ಮೆಟಾಬೈಸಲ್ಫೈಟ್ ಸಾಲದು, ಸುಟ್ಟ ಬೆಂಕಿಕಡ್ಡಿಯಂತೆ ಮೂಗಿಗೆ ಹೊಡೆದರೆ ಅದೇ ಜಾಸ್ತಿ. ಗಂಜಿ ಬೇಗ ಹುಳಿಯುತ್ತದೆ ಅಂದರೆ ಗಿರಾಕಿಯ ಟ್ಯಾಂಕ್ ಕೊಳಕಿರಬಹುದು, ಹೋಗಿ ನೋಡಿ ಬನ್ನಿ. ಚೀಲದಲ್ಲಿ ಗಡ್ಡೆ ಕಟ್ಟಿದ್ದರೆ ಬಿಸಿ ಪುಡಿಯನ್ನೇ ತುಂಬಿ ಹೊಲಿದಿದ್ದೀರಿ. ಆರಿಸಿ ತುಂಬಿ. ಒಳಗೆ ಪ್ಲಾಸ್ಟಿಕ್ ಲೈನರ್ ಇರುವ ಚೀಲವನ್ನೇ ಬಳಸಿ. ಚೀಲದ ಮೇಲೆ ಬ್ಯಾಚ್ ನಂಬರ್, ತೇವಾಂಶ, ಫೋರ್ಡ್ ಕಪ್ ಸೆಕೆಂಡು, ಜೊತೆಗೆ "ಆಹಾರಕ್ಕಲ್ಲ" ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ. ಹಪ್ಪಳ, ಸಂಡಿಗೆ ಮಾಡುವವರು ಅಗ್ಗಕ್ಕೆ ಸಿಗುತ್ತದೆಂದು ಕೇಳಿಕೊಂಡು ಬಂದೇ ಬರುತ್ತಾರೆ. ಅವರಿಗೆ ಒಂದು ಕಿಲೋ ಕೂಡ ಕೊಡಬೇಡಿ. ಆಹಾರದ ಸ್ಟಾರ್ಚಿಗೆ ಲೈಸೆನ್ಸ್ ಬೇರೆ, ಅಳತೆ ಬೇರೆ, ಟ್ಯಾಂಕೂ ಬೇರೆ.